ಯೂನಿಯನ್‌ನಲ್ಲಿ ಕಷ್ಟಕಾಲದ ನಿಧಿ ಶುರು ಮಾಡಬೇಕು ಅಂತಿದ್ದೇವೆ. ಯಾರಿಗೆ, ಎಷ್ಟು, ಹೇಗೆ ಕೊಡುವುದು?

ಪೀಣ್ಯ ಟೈಲರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯ ಎರಡನೇ ಹಂತದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮ ಯೂನಿಟ್‌ನಲ್ಲಿ ನೋಂದಣಿ ಆಗಿರುವ ಯೂನಿಯನ್ ಇದೆ. ಸದಸ್ಯರು ಮುನ್ನೂರರ ಹತ್ತಿರ, ಅದರಲ್ಲಿ ಹೆಂಗಸರೇ ಜಾಸ್ತಿ. ಈ ಸಲ ಕಮಿಟಿಗೆ ನನ್ನನ್ನೂ ಆರಿಸಿದ್ದಾರೆ.

ಹೋದ ತಿಂಗಳು ನಮ್ಮ ಲೈನ್‌ನ ಚೆಕ್ಕರ್ ಅಕ್ಕನ ಗಂಡ ಸೆಂಟ್ರಿಂಗ್ ಕೆಲಸ ಮಾಡುವಾಗ ಮೇಲಿಂದ ಬಿದ್ದು ಕಾಲು ಮುರಿದುಕೊಂಡರು. ಅಕ್ಕ ಕಿವಿಯ ಓಲೆ ಗಿರವಿ ಇಟ್ಟು ಪ್ರೈವೇಟ್ ಆಸ್ಪತ್ರೆಗೆ ದುಡ್ಡು ಕಟ್ಟಿದರು. ನಾವು ಊಟದ ಹೊತ್ತಿನಲ್ಲಿ ಒಂದು ಸ್ಟೀಲ್ ಡಬ್ಬಿ ಹಿಡಿದು ಲೈನ್ ಲೈನ್ ಸುತ್ತಿ ಕೈಲಾದಷ್ಟು ಎತ್ತಿದೆವು. ಹತ್ತು, ಇಪ್ಪತ್ತರ ನೋಟುಗಳು. ಕೊಟ್ಟವರು ಮನಸ್ಸಿಟ್ಟೇ ಕೊಟ್ಟರು. ಆದರೆ ಆ ಅಕ್ಕ ಅವತ್ತು ಸಂಜೆಯವರೆಗೂ ಟೇಬಲ್ಲಿನಿಂದ ತಲೆ ಎತ್ತಲಿಲ್ಲ. ಮಾರನೇ ದಿನ ರಜೆ ಹಾಕಿದರು.

ಡಬ್ಬಿ ಹಿಡಿಯುವುದು ಬೇಡ, ತಿಂಗಳಿಗೆ ಇಷ್ಟು ಅಂತ ಎಲ್ಲರೂ ಹಾಕಿ ಒಂದು ನಿಧಿ ಮಾಡೋಣ ಅಂತ ಕಮಿಟಿಯಲ್ಲಿ ಹೇಳಿದೆ. ಒಪ್ಪಿದರು. ಆಮೇಲೆ ಒಬ್ಬೊಬ್ಬರದು ಒಂದೊಂದು ಮಾತು. ಸಾಲವಾಗಿ ಕೊಡೋಣ, ದುಡ್ಡು ತಿರುಗುತ್ತಿರಲಿ ಅಂತ ಕೆಲವರು. ಮಕ್ಕಳ ಸ್ಕೂಲ್ ಫೀಸಿಗೂ ಕೊಡಬೇಕು ಅಂತ ಕೆಲವರು. ಗ್ರೂಪ್ ಲೋನ್ ಕಂತು ಕಟ್ಟೋಕೆ ಆಗದೆ ಒದ್ದಾಡುವವರಿಗೆ ಮೊದಲು ಕೊಡಿ ಅಂತ ಇನ್ನು ಕೆಲವರು. ಯಾರಿಗೆ ನಿಜವಾದ ಕಷ್ಟ ಅಂತ ನಾವು ಹೇಗೆ ಹೇಳುವುದು? ಕಾನೂನಿನ ಪ್ರಕಾರ ಯೂನಿಯನ್ ಹೀಗೆ ದುಡ್ಡು ಕೊಡಬಹುದಾ? ನಡೆಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಮೈಸೂರು ರಸ್ತೆ ಮಾಜಿ ಖಜಾಂಚಿ:

ತಂಗಿ, ನಿನ್ನ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ಮೈಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್ ಯೂನಿಯನ್‌ನಲ್ಲಿ ಇಂಥದ್ದೇ ನಿಧಿಯ ಲೆಕ್ಕ ನೋಡಿಕೊಂಡವಳು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಚೆಕ್ಕರ್ ಅಕ್ಕನ ವಿಷಯ, ಅದು ಅರ್ಜೆಂಟು. ಅವರ ಪೇ ಸ್ಲಿಪ್‌ನಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ದುಡ್ಡು, ಕಟ್ ಆಗುತ್ತಿರಬೇಕಲ್ವಾ? ಹಾಗಿದ್ದರೆ ಅದೇ ಕಾರ್ಡ್‌ನಲ್ಲಿ ಗಂಡನಿಗೂ ಚಿಕಿತ್ಸೆ ಇದೆ. ಎಷ್ಟೋ ಹೆಂಗಸರು ಇಎಸ್‌ಐ ಅಂದರೆ ತಮಗೆ ಮಾತ್ರ, ಇಲ್ಲಾ ಹೆರಿಗೆಗೆ ಮಾತ್ರ ಅಂದುಕೊಂಡಿರುತ್ತಾರೆ. ನಿಮ್ಮ ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆ ಇದೆ, ರಾಜಾಜಿನಗರದ್ದು ಇನ್ನೂ ದೊಡ್ಡದು. ಇನ್ನು ಮುಂದಿನ ಎಕ್ಸ್‌ರೇ, ಡ್ರೆಸ್ಸಿಂಗ್, ಫಿಸಿಯೋಥೆರಪಿಗಾದರೂ ಅಲ್ಲಿಗೆ ಕರೆದುಕೊಂಡು ಹೋಗಲಿ. ಗಂಡನ ಹೆಸರು ಸೇರಿಲ್ಲದಿದ್ದರೆ ಎಚ್‌ಆರ್‌ಗೆ ಹೇಳಿ ಸೇರಿಸಿ. ಇನ್ನೊಂದು: ಗಂಡ ಕಟ್ಟಡ ಕೆಲಸದವರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯಾ ಕೇಳು. ಇದ್ದರೆ ಅಪಘಾತಕ್ಕೆ ಮಂಡಳಿಯಲ್ಲಿ ನೆರವು ಕೇಳಬಹುದು. ಕೆಲಸ ಮಾಡುವಾಗ ಬಿದ್ದ ಪೆಟ್ಟಿಗೆ ಕೆಲಸ ಕೊಟ್ಟವನೇ ಪರಿಹಾರ ಕೊಡಬೇಕು ಅನ್ನುವ ಕಾನೂನು 1923ರಿಂದಲೂ ಇದೆ. ಅವರ ಕೈಗೆ ಮೇಸ್ತ್ರಿ ಎರಡು ಸಾವಿರ ತುರುಕಿ ಕಳಿಸಿದ್ದರೆ ಅಲ್ಲಿಗೆ ಮುಗಿಯಿತು ಅಂತ ಬಿಡಬೇಡಿ.

ನಿಧಿಯ ಬಗ್ಗೆ ಕೇಳಿದರೆ ಇವಳು ಇಎಸ್‌ಐ ಪುರಾಣ ಶುರು ಮಾಡಿದಳು ಅಂದುಕೊಳ್ಳಬೇಡ. ನಾನು ಹೇಳಬೇಕಾದ ಮುಖ್ಯ ಮಾತೇ ಇದು. ಸದಸ್ಯರ ಹತ್ತು ರೂಪಾಯಿಗಳಿಂದ ಆಸ್ಪತ್ರೆ ಬಿಲ್ ಕಟ್ಟೋಕೆ ಆಗುವುದಿಲ್ಲ, ಕಟ್ಟಲೂಬಾರದು. ಅದಕ್ಕೆ ನಮ್ಮ ಸಂಬಳದಿಂದ ಆಗಲೇ ಕಟ್ ಆಗಿದೆ, ಮಾಲೀಕರೂ ಕಟ್ಟಿದ್ದಾರೆ. ಕಾಯಿಲೆ ಬಿದ್ದು ಕೆಲಸಕ್ಕೆ ಬರಲು ಆಗದಿದ್ದರೆ ಇಎಸ್‌ಐನವರು ಸಂಬಳದ 70 ಪರ್ಸೆಂಟ್ ಕೊಡುತ್ತಾರೆ, ವರ್ಷಕ್ಕೆ 91 ದಿನದವರೆಗೆ. ಫ್ಯಾಕ್ಟರಿಯಲ್ಲೇ ಪೆಟ್ಟಾದರೆ 90 ಪರ್ಸೆಂಟ್. ಆದರೆ ಡಾಕ್ಟರ್ ಸರ್ಟಿಫಿಕೇಟ್ ಆಗಬೇಕು, ಬ್ಯಾಂಕ್ ಖಾತೆ ಸರಿ ಇರಬೇಕು, ದುಡ್ಡು ಬರುವ ಹೊತ್ತಿಗೆ ವಾರಗಳು ಕಳೆಯುತ್ತವೆ. ಅಷ್ಟರಲ್ಲಿ ಮನೆ ಬಾಡಿಗೆ ಬರುತ್ತದೆ, ಗ್ಯಾಸ್ ಮುಗಿಯುತ್ತದೆ, ಆಸ್ಪತ್ರೆಗೆ ಹೋಗಿಬರುವ ಆಟೋಗೇ ದಿನಕ್ಕೆ ಮುನ್ನೂರು ಆಗುತ್ತದೆ. ಆ ಎರಡು ಮೂರು ವಾರದಲ್ಲೇ ಓಲೆ ಗಿರವಿಗೆ ಹೋಗುವುದು, ಮೀಟರ್ ಬಡ್ಡಿಯವನ ಮನೆ ಬಾಗಿಲು ತಟ್ಟುವುದು. ನಿಮ್ಮ ನಿಧಿ ಕಾಯಬೇಕಾದದ್ದು ಆ ಎರಡು ಮೂರು ವಾರವನ್ನು.

ಇನ್ನೊಂದು ಅನಾಹುತ ಇದೆ, ಹೊರಗಿನವರಿಗೆ ಕಾಣುವುದಿಲ್ಲ. ಕಷ್ಟ ಬಂದಾಗ ನಮ್ಮ ಹೆಂಗಸರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಪಿಎಫ್ ತೆಗೆಯುತ್ತಾರೆ. ಆಮೇಲೆ ಪಕ್ಕದ ಫ್ಯಾಕ್ಟರಿಗೆ ಹೊಸಬರಾಗಿ ಸೇರುತ್ತಾರೆ. ನಾಲ್ಕು ವರ್ಷದ ಸರ್ವಿಸ್ ಹೋಯಿತು, ಐದು ವರ್ಷ ತುಂಬಿದ್ದರೆ ಬರುತ್ತಿದ್ದ ಗ್ರಾಚ್ಯುಟಿಯೂ ಹೋಯಿತು. 2016ರಲ್ಲಿ ಪಿಎಫ್ ನಿಯಮ ಬದಲಾಯಿಸಿ, ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವ ಹಾಗಿಲ್ಲ ಅಂದಾಗ ಆ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೀದಿಗೆ ಇಳಿದರಲ್ಲ, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಳ್ಳಬೇಕಾಯಿತು. ಅಷ್ಟು ಸಿಟ್ಟು ಸುಮ್ನೆ ಬರಲಿಲ್ಲ. ಕಷ್ಟಕ್ಕೆ ಅಂತ ನಮಗೆ ಇದ್ದ ಗಂಟು ಅದೊಂದೇ. ಮೂರು ಸಾವಿರ ರೂಪಾಯಿ ಸರಿಯಾದ ಹೊತ್ತಿಗೆ ಸಿಕ್ಕಿದ್ದರೆ ರಾಜೀನಾಮೆ ಬರೆಯದೆ ಉಳಿಯುತ್ತಿದ್ದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕೆಲಸದಲ್ಲಿ ಇದ್ದುಕೊಂಡೇ ಕಾಯಿಲೆಗೆ ಪಿಎಫ್ ಅಡ್ವಾನ್ಸ್ ತೆಗೆಯಬಹುದು ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ.

ಈಗ ನಾವು ನಡೆಸಿದ ರೀತಿ ಹೇಳುತ್ತೇನೆ. 2020ರ ಲಾಕ್‌ಡೌನ್ ಆದಮೇಲೆ ಶುರು ಮಾಡಿದ್ದು. ಆ ಏಪ್ರಿಲ್‌ನಲ್ಲಿ ಸಂಬಳ ಬರದೆ ನಮ್ಮವರು ಪಟ್ಟ ಪಾಡು ನೋಡಿ, ಫ್ಯಾಕ್ಟರಿ ತೆರೆದ ಮೇಲೆ ಮಹಾಸಭೆಯಲ್ಲಿ ತೀರ್ಮಾನ ಆಯಿತು. ತಿಂಗಳ ಸದಸ್ಯತ್ವದ ದುಡ್ಡಿನ ಜೊತೆಗೆ ಹತ್ತು ರೂಪಾಯಿ. ಅದಕ್ಕೆ ಹಸಿರು ಬಣ್ಣದ ಬೇರೆ ರಸೀದಿ ಪುಸ್ತಕ, ಬ್ಯಾಂಕಿನಲ್ಲಿ ಬೇರೆ ಖಾತೆ. ಬೇರೆ ಖಾತೆ ಇರಲೇಬೇಕು, ಇದರಲ್ಲಿ ರಾಜಿ ಬೇಡ. ಒಂದೇ ಖಾತೆಯಲ್ಲಿ ಇದ್ದರೆ ಕೋರ್ಟ್ ಕೇಸು, ಸಮ್ಮೇಳನ, ಬ್ಯಾನರು ಅಂತ ಖರ್ಚು ಬಂದಾಗ ಕಷ್ಟದ ದುಡ್ಡೂ ಅದರಲ್ಲಿ ಕರಗುತ್ತದೆ. ಯಾರೂ ಕದ್ದಿರುವುದಿಲ್ಲ, ಆದರೂ ಬೇಕಾದಾಗ ಇರುವುದಿಲ್ಲ.

ಚೆಕ್‌ಗೆ ಇಬ್ಬರ ಸಹಿ. ಆದರೆ ಸಹಿ ಹಾಕುವವರು ಒಬ್ಬರು ಊರಿಗೆ ಹೋದರೆ ಎಲ್ಲಾ ನಿಂತುಹೋಗುತ್ತದೆ. ಅದಕ್ಕೆ ಮೂವರಲ್ಲಿ ಯಾರಾದರೂ ಇಬ್ಬರು ಅಂತ ಬ್ಯಾಂಕಿನಲ್ಲಿ ಬರೆಸಿದೆವು. ಐದು ಸಾವಿರ ರೂಪಾಯಿ ಕೈಯಲ್ಲೇ ಇಟ್ಟುಕೊಳ್ಳಲು ಸಭೆಯ ಅನುಮತಿ ಇತ್ತು. ರಾತ್ರಿ ಒಂಬತ್ತಕ್ಕೆ ಫೋನ್ ಬಂದರೂ ಬೆಳಗ್ಗೆ ದುಡ್ಡು ತಲುಪುತ್ತಿತ್ತು.

ಎಷ್ಟು ಅನ್ನುವುದನ್ನು ಮೊದಲೇ ಬರೆದಿಡಿ. ನಮ್ಮಲ್ಲಿ ಸದಸ್ಯರು ಅಥವಾ ಮನೆಯವರು ಆಸ್ಪತ್ರೆಗೆ ಅಡ್ಮಿಟ್ ಆದರೆ ಮೂರು ಸಾವಿರ, ಸಾವಾದರೆ ಹತ್ತು ಸಾವಿರ, ಮನೆಗೆ ಮಳೆ ನೀರು ನುಗ್ಗಿದರೆ ಎರಡು ಸಾವಿರ. ಬೊಮ್ಮನಹಳ್ಳಿ ಕಡೆಯವರಿಗೆ ಆ ಕೊನೆಯದು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೊತ್ತ ನಿಗದಿ ಆಗಿದ್ದರೆ ಚೌಕಾಸಿ ಇಲ್ಲ. ಅವಳಿಗೆ ಐದು ಕೊಟ್ಟಿರಿ, ನನಗೆ ಯಾಕೆ ಎರಡು ಅನ್ನುವ ಮಾತೂ ಬರುವುದಿಲ್ಲ.

ಯಾರ ಕಷ್ಟ ನಿಜ ಅಂತ ಹೇಗೆ ಹೇಳುವುದು ಅಂತ ಕೇಳಿದ್ದೀಯ. ಕಷ್ಟವನ್ನು ಅಳೆಯಲು ಹೋಗಬೇಡಿ. ಏನಾಯಿತು ಅನ್ನುವುದನ್ನು ಮಾತ್ರ ನೋಡಿ. ಅಡ್ಮಿಟ್ ಆದ ಚೀಟಿ ಇದೆಯಾ, ಇದೆ, ಮುಗಿಯಿತು. ಮನೆಯಲ್ಲಿ ಟೀವಿ ಇದೆಯಾ, ಗಂಡ ಕುಡಿಯುತ್ತಾನಾ, ತಮ್ಮ ದುಡಿಯುತ್ತಾನಾ ಅಂತ ಕೇಳಲು ನಿಂತರೆ ಎರಡನೇ ಸಲ ಯಾರೂ ಬಂದು ಕೇಳುವುದಿಲ್ಲ. ನಮ್ಮ ಅರ್ಜಿ ಒಂದೇ ಪುಟ, ಅದೂ ಅರ್ಧ ಖಾಲಿ. ಬರೆಯಲು ಬಾರದವರು ಫೋನ್‌ನಲ್ಲಿ ಹೇಳಿದರೆ ಕಮಿಟಿಯವರೇ ಬರೆದುಕೊಳ್ಳುತ್ತಿದ್ದರು.

ಡಬ್ಬಿ ಹಿಡಿದಾಗ ಆ ಅಕ್ಕ ತಲೆ ಎತ್ತಲಿಲ್ಲ ಅಂದೆಯಲ್ಲ, ಅದನ್ನು ಮರೆಯಬೇಡ ತಂಗಿ. ಕೊಟ್ಟಿದ್ದು ಯಾರಿಗೆ ಅನ್ನುವುದು ಮೂವರು ಕಮಿಟಿಯವರಿಗೆ ಮತ್ತು ಲೆಕ್ಕ ತಪಾಸಣೆ ಮಾಡುವವರಿಗೆ ಮಾತ್ರ ಗೊತ್ತಿರಲಿ. ಮಹಾಸಭೆಯಲ್ಲಿ ಇಷ್ಟು ಜನಕ್ಕೆ, ಇಂಥ ಕಾರಣಕ್ಕೆ, ಒಟ್ಟು ಇಷ್ಟು ಅಂತ ಓದಿ. ಹೆಸರು ಬೇಡ. ಚೆಕ್ ಕೊಡುವಾಗ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವ ಚಾಳಿಯಂತೂ ಖಂಡಿತ ಬೇಡ. ಅದು ಅವರದೇ ದುಡ್ಡು, ಅವರೂ ತಿಂಗಳು ತಿಂಗಳು ಹಾಕಿದ್ದಾರೆ.

ಕಾನೂನಿನ ಮಾತು: ಸದಸ್ಯರ ಸಾವು, ಮುಪ್ಪು, ಕಾಯಿಲೆ, ಅಪಘಾತ, ನಿರುದ್ಯೋಗಕ್ಕೆ ನೆರವು ಕೊಡಲು ಯೂನಿಯನ್ ತನ್ನ ಸಾಮಾನ್ಯ ನಿಧಿಯನ್ನು ಖರ್ಚು ಮಾಡಬಹುದು ಅಂತ 1926ರ ಟ್ರೇಡ್ ಯೂನಿಯನ್ ಕಾಯ್ದೆಯ 15ನೇ ಕಲಂನಲ್ಲೇ ಇತ್ತು. ಈಗ ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹಾಗಾಗಿ ಬೈಲಾದಲ್ಲಿ, ಅಂದರೆ ಯೂನಿಯನ್‌ನ ನಿಯಮ ಪುಸ್ತಕದಲ್ಲಿ, ನಿಧಿಯ ಉದ್ದೇಶ ಸೇರಿಸುವಾಗ ಕಾರ್ಮಿಕ ಇಲಾಖೆಯ ನೋಂದಣಿ ಕಚೇರಿಯಲ್ಲಿ ಕರಡು ತೋರಿಸಿ ಮುಂದುವರಿಯಿರಿ. ವರ್ಷಕ್ಕೊಮ್ಮೆ ಆಡಿಟ್ ಮಾಡಿಸಿ. ಯಾವ ಸದಸ್ಯರು ಕೇಳಿದರೂ ಲೆಕ್ಕದ ಪುಸ್ತಕ ತೋರಿಸಿ.

ಲಗ್ಗೆರೆ ಆಟೋ:

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ಆದರೆ ವಾಪಸ್ ಬರದ ದುಡ್ಡು ಎಷ್ಟು ದಿನ ಉಳಿಯುತ್ತದೆ? ನಮ್ಮ ಸ್ಟ್ಯಾಂಡ್‌ನಲ್ಲಿ ನಲವತ್ತು ಜನ ಚೀಟಿ ಥರ ಹಾಕುತ್ತೇವೆ. ಇಂಜಿನ್ ಕೆಲಸ ಬಂದರೆ, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ಸಮಯ ಬಂದರೆ ಹತ್ತು ಸಾವಿರ ತೆಗೆದುಕೊಂಡು ದಿನಾ ನೂರರಂತೆ ತೀರಿಸುತ್ತೇವೆ. ಬಡ್ಡಿ ಇಲ್ಲ. ಕೊಟ್ಟವನಿಗೂ ನೆಮ್ಮದಿ, ತಗೊಂಡವನಿಗೂ ಮರ್ಯಾದೆ. 2020ರಲ್ಲಿ ಸರ್ಕಾರ ಆಟೋದವರಿಗೆ ಐದು ಸಾವಿರ, 2021ರಲ್ಲಿ ಮೂರು ಸಾವಿರ ಅಂತ ಘೋಷಣೆ ಮಾಡಿತು. ಅದು ಬರುವವರೆಗೆ ನಮ್ಮನ್ನು ಉಳಿಸಿದ್ದು ಈ ಸ್ಟ್ಯಾಂಡ್ ದುಡ್ಡೇ.

ದೂರವಾಣಿನಗರ ನಿವೃತ್ತ:

ನಾನು ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಮಷಿನಿಸ್ಟ್ ಆಗಿದ್ದವನು. 1980-81ರ ಮುಷ್ಕರದಲ್ಲಿ ಇದ್ದೆ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಎಲ್ಲಾ ನಿಂತಿತ್ತು. 77 ದಿನ. ನನಗೆ ಆಗ ಮದುವೆಯಾಗಿ ಒಂದು ವರ್ಷ. ಸಂಕ್ರಾಂತಿಗೆ ಎಳ್ಳು ಬೆಲ್ಲ ತರಲು ಕೈಯಲ್ಲಿ ಕಾಸಿರಲಿಲ್ಲ. ದಿನಸಿ ಅಂಗಡಿಯವರು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ನಮ್ಮ ಟೋಕನ್ ನಂಬರ್ ಹಾಕಿ ಸಾಮಾನು ಕೊಟ್ಟರು. ಹೆಸರು ಬರೆಯಲಿಲ್ಲ, ನಂಬರ್ ಮಾತ್ರ.

ನನ್ನದೊಂದು ಸಲಹೆ. ಒಬ್ಬರಿಗೆ ಬರುವ ಕಷ್ಟ ಬೇರೆ, ಎಲ್ಲರಿಗೂ ಒಟ್ಟಿಗೆ ಬರುವ ಕಷ್ಟ ಬೇರೆ. ಮುಷ್ಕರ, ಲೇಆಫ್ (ಕೆಲಸವಿಲ್ಲ ಅಂತ ಸ್ವಲ್ಪ ದಿನ ಮನೆಗೆ ಕಳಿಸುವುದು), ಕಾರ್ಖಾನೆ ಬಾಗಿಲು ಹಾಕುವುದು ಇವೆಲ್ಲ ಬಂದಾಗ ಮುನ್ನೂರು ಜನವೂ ಒಂದೇ ದಿನ ಕೈ ಚಾಚುತ್ತಾರೆ. ನಿಧಿಯ ಅರ್ಧವನ್ನು ಅದಕ್ಕೆ ಅಂತ ಎತ್ತಿಡಿ, ಬೇರೆ ಯಾವುದಕ್ಕೂ ಮುಟ್ಟಬೇಡಿ. ಆಗ ತಲೆಗೆ ಇಷ್ಟು ಅಂತ ದುಡ್ಡು ಹಂಚಬೇಡಿ. ಅಕ್ಕಿ, ಬೇಳೆ, ಎಣ್ಣೆ ಸಗಟಿನಲ್ಲಿ ತಂದು ಕೊಡಿ. ಅದೇ ದುಡ್ಡಿನಲ್ಲಿ ಜಾಸ್ತಿ ಮನೆಗಳಿಗೆ ಸಿಗುತ್ತದೆ.

ಪೀಣ್ಯ ಟೈಲರ್:

ಅಕ್ಕ, ಸರ್, ಅಣ್ಣ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ಆ ಅಕ್ಕನ ಕಾರ್ಡ್ ತರಿಸಿ ನೋಡಿದೆ. ಗಂಡನ ಹೆಸರು ಅದರಲ್ಲಿ ಇದೆ! ಅವರಿಗೇ ಗೊತ್ತಿರಲಿಲ್ಲ. ಈ ವಾರ ರಾಜಾಜಿನಗರಕ್ಕೆ ಹೋಗುತ್ತಾರೆ, ನಾನೂ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋಗುತ್ತೇನೆ.

ಸಾಲದ ವಿಷಯದಲ್ಲಿ ಕಮಿಟಿ ಇನ್ನೂ ಎರಡು ಭಾಗ. ಗ್ರೂಪ್ ಲೋನ್ ಕಂತಿನ ಬಗ್ಗೆಯೂ ಹೇಳಿ ಅಕ್ಕ. ನಮ್ಮಲ್ಲಿ ಅದೇ ದೊಡ್ಡ ತಲೆನೋವು. ವಾರದ ಕಂತಿನ ದಿನ ಬಂದರೆ ಕೆಲವರು ಕೆಲಸಕ್ಕೇ ಬರುವುದಿಲ್ಲ.

ಮೈಸೂರು ರಸ್ತೆ ಮಾಜಿ ಖಜಾಂಚಿ:

ಕಾರ್ಡ್‌ನಲ್ಲಿ ಹೆಸರಿದೆ ಅಂತ ಓದಿ ಸಮಾಧಾನವಾಯಿತು. ಹೋಗುವಾಗ ಇಬ್ಬರ ಆಧಾರ್, ಹಳೆಯ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಇಟ್ಟುಕೊಳ್ಳಿ. ಬೆಳಗ್ಗೆ ಬೇಗ ಹೋಗಿ, ಕ್ಯೂ ದೊಡ್ಡದಿರುತ್ತದೆ.

ಆಟೋ ಅಣ್ಣನ ಮಾತು ಅವರ ಸ್ಟ್ಯಾಂಡ್‌ಗೆ ಸರಿ. ಇಂಜಿನ್ ರಿಪೇರಿಗೆ ಸಾಲ ತಗೊಂಡರೆ ಮಾರನೇ ದಿನದಿಂದ ಗಾಡಿ ದುಡಿಯುತ್ತದೆ, ತೀರಿಸಬಹುದು. ಗಂಡನ ಕಾಲು ಮುರಿದು ಮನೆಯ ಒಂದು ಸಂಬಳವೇ ನಿಂತಾಗ ತಗೊಂಡ ಸಾಲವನ್ನು ಯಾವುದರಿಂದ ತೀರಿಸುವುದು? ಅಲ್ಲದೆ ಯೂನಿಯನ್ ಸಾಲ ವಸೂಲಿ ಮಾಡಲು ಹೊರಟರೆ, ಕಂತು ಬಾಕಿ ಇರುವವರು ಮೀಟಿಂಗಿಗೆ ಬರುವುದನ್ನೇ ಬಿಡುತ್ತಾರೆ. ಮಾಲೀಕರ ಮುಂದೆ ಒಟ್ಟಿಗೆ ನಿಲ್ಲಬೇಕಾದವರು ಕಮಿಟಿಯವರನ್ನು ಕಂಡರೆ ಇನ್ನೊಂದು ಗೇಟಿನಿಂದ ಹೋಗುತ್ತಾರೆ. ಸಾಲ ಬೇಕೇ ಬೇಕು ಅನ್ನುವುದಾದರೆ ಸಹಕಾರ ಕಾಯ್ದೆಯಲ್ಲಿ ಪತ್ತಿನ ಸಹಕಾರ ಸಂಘ ಬೇರೆ ಮಾಡಿಕೊಳ್ಳಿ. ಅದರ ಕಾನೂನು, ಲೆಕ್ಕ, ಚುನಾವಣೆ ಎಲ್ಲಾ ಬೇರೆ. ಕಷ್ಟದ ನಿಧಿಯನ್ನು ಅದಕ್ಕೆ ಬೆರೆಸಬೇಡಿ.

ನಿಧಿ ಖಾಲಿಯಾಗುವುದಿಲ್ಲವೇ ಅಂದರೆ, ಮುನ್ನೂರು ಜನರ ಹತ್ತು ರೂಪಾಯಿ ಅಂದರೆ ತಿಂಗಳಿಗೆ ಮೂರು ಸಾವಿರ. ಒಂದು ಅಡ್ಮಿಷನ್‌ಗೆ ಸರಿಹೋಯಿತು. ಸಾಲುವುದಿಲ್ಲ, ನಿಜ. ಅದಕ್ಕೆ ಮೊದಲ ಆರು ತಿಂಗಳು ಏನೂ ಕೊಡದೆ ಕೂಡಿಸಿ. ಬೋನಸ್ ಬಂದ ತಿಂಗಳು ಒಬ್ಬೊಬ್ಬರಿಂದ ನೂರು ಕೇಳಿ, ದೀಪಾವಳಿ ಸಮಯದಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಒಂದು ಮನೆಗೆ ವರ್ಷಕ್ಕೆ ಒಂದು ಸಲ ಅಂತ ಇಡಿ, ಸಾವೊಂದನ್ನು ಬಿಟ್ಟು. ದೂರವಾಣಿನಗರದ ಸರ್ ಹೇಳಿದ ಅರ್ಧದ ಮಾತು ಬೈಲಾದಲ್ಲೇ ಬರಲಿ, ಅದು ಅನುಭವದ ಮಾತು. ಲೇಆಫ್ ಆದರೆ ಕಾನೂನಿನಂತೆ ಅರ್ಧ ಸಂಬಳ ಕೇಳುವ ಹಕ್ಕು ಇದೆ ಅನ್ನುವುದನ್ನೂ ಎಲ್ಲರಿಗೂ ಹೇಳಿಡಿ.

ಸ್ಕೂಲ್ ಫೀಸಿಗೆ ಬೇಡ. ಜೂನ್ ಬಂದರೆ ಫೀಸು ಬರುತ್ತದೆ ಅಂತ ಎಲ್ಲರಿಗೂ ಗೊತ್ತು, ಮುನ್ನೂರು ಮನೆಗೂ ಬರುತ್ತದೆ. ಅದಕ್ಕೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ ಇದೆ. ನಮ್ಮ ಸಂಬಳದಿಂದ ವರ್ಷಕ್ಕೊಮ್ಮೆ ಅದಕ್ಕೂ ಕಟ್ ಆಗುತ್ತದೆ. ಮಕ್ಕಳ ಓದಿಗೆ ಸಹಾಯಧನ ಕೊಡುತ್ತಾರೆ, ವೈದ್ಯಕೀಯ ನೆರವು, ಅಂತ್ಯಸಂಸ್ಕಾರದ ನೆರವೂ ಇದೆ. ಅರ್ಜಿ ಹಾಕುವ ದಿನಾಂಕ ಬಂದಾಗ ಕಮಿಟಿಯವರೇ ಗೇಟ್ ಹತ್ತಿರ ಕುಳಿತು ಎಲ್ಲರದ್ದೂ ತುಂಬಿಕೊಡಿ. ನಿಧಿಯಿಂದ ಒಂದು ಪೈಸೆ ಹೋಗದೆ ಎಷ್ಟೋ ಮನೆಗಳಿಗೆ ದುಡ್ಡು ಬರುತ್ತದೆ.

ಗ್ರೂಪ್ ಲೋನ್ ಕಂತಿಗೆ ನಿಧಿಯಿಂದ ಕೊಡಬೇಡಿ. ಕಲ್ಲು ಮನಸ್ಸಿನಿಂದ ಹೇಳುತ್ತಿಲ್ಲ. ಈ ವಾರ ಕೊಟ್ಟರೆ ಮುಂದಿನ ವಾರ ಮತ್ತೆ ಕಂತು ಇದ್ದೇ ಇರುತ್ತದೆ, ನಿಮ್ಮ ದುಡ್ಡು ನೇರವಾಗಿ ಸಾಲ ಕೊಟ್ಟವರ ಕೈಗೆ ಹೋಗುತ್ತದೆ. ಆ ಹೆಂಗಸರಿಗೆ ಬೇಕಾದದ್ದು ಜೊತೆಗೆ ನಿಲ್ಲುವ ಜನ. ಮನೆ ಮುಂದೆ ಬಂದು ಕೂಗಾಡುವುದು, ಬೆದರಿಸುವುದು, ಮನೆಗೆ ಬೀಗ ಹಾಕುವುದು ಮಾಡಿದರೆ, ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಠಾಣೆಗೆ ದೂರು ಕೊಡಲು ಒಬ್ಬರನ್ನೇ ಕಳಿಸಬೇಡಿ. ಕಮಿಟಿಯಿಂದ ನಾಲ್ಕು ಜನ ಹೋಗಿ. ಯಾರಿಗೆ ಎಷ್ಟು ಸಾಲ, ಎಷ್ಟು ತೀರಿದೆ ಅಂತ ಕೂತು ಲೆಕ್ಕ ಬರೆಯಿರಿ. ಎಷ್ಟು ಕಡೆ ಸಾಲ ಇದೆ ಅಂತ ಗಂಡನಿಗೂ ಹೇಳಿರುವುದಿಲ್ಲ, ನಿಮ್ಮ ಹತ್ತಿರ ಹೇಳುತ್ತಾರೆ.

ಪೀಣ್ಯ ಟೈಲರ್:

ಕೊನೆಯದಾಗಿ ಒಂದು, ಅಕ್ಕ. ನಮ್ಮಲ್ಲಿ ಹೌಸ್‌ಕೀಪಿಂಗ್ ಹೆಂಗಸರು ಕಂಟ್ರಾಕ್ಟ್ ಮೇಲೆ ಇದ್ದಾರೆ. ಯೂನಿಯನ್ ಸದಸ್ಯರಲ್ಲ. ಅವರಿಗೆ ಏನಾದರೂ ಆದರೆ?

ಮೈಸೂರು ರಸ್ತೆ ಮಾಜಿ ಖಜಾಂಚಿ:

ಸದಸ್ಯರಾಗಿ ಮಾಡಿಕೊಳ್ಳಿ. ಬೈಲಾದಲ್ಲಿ ಕಂಟ್ರಾಕ್ಟ್ ಕಾರ್ಮಿಕರಿಗೆ ಅವಕಾಶ ಇಲ್ಲದಿದ್ದರೆ ನಿಧಿಯ ತಿದ್ದುಪಡಿ ಜೊತೆಗೇ ಅದನ್ನೂ ಸೇರಿಸಿ, ಒಂದೇ ಮಹಾಸಭೆಯಲ್ಲಿ ಆಗುತ್ತದೆ. ಅವರಿಂದಲೂ ಅದೇ ಹತ್ತು ರೂಪಾಯಿ ತಗೊಳ್ಳಿ, ಬಡವರು ಅಂತ ಬಿಡಬೇಡಿ. ಹಾಕಿದ್ದರೆ ಕೇಳುವಾಗ ಅವರಿಗೂ ಸಂಕೋಚ ಇರುವುದಿಲ್ಲ. ಅವರ ಕಂಟ್ರಾಕ್ಟರ್ ಇಎಸ್‌ಐ, ಪಿಎಫ್ ಕಟ್ಟುತ್ತಿದ್ದಾನಾ ಅಂತ ಈ ತಿಂಗಳೇ ನೋಡಿ. ಕಟ್ಟದಿದ್ದರೆ ಫ್ಯಾಕ್ಟರಿಯವರೂ ಜವಾಬ್ದಾರರು, ಪತ್ರ ಬರೆದು ಕೇಳಿ. ನಮ್ಮ ಅರ್ಜಿಯ ನಮೂನೆ, ರಸೀದಿಯ ನಮೂನೆ ನಾಳೆ ಇಲ್ಲೇ ಟೈಪ್ ಮಾಡಿ ಹಾಕುತ್ತೇನೆ.